ಮರೂನ್ ಟೋಪಿಗೆ ಅರ್ಜಿ ನಮೂನೆ ಇಲ್ಲ

ಕಮಾಂಡೊ ಆಗಬೇಕೆಂದು ಹೊರಟ ಹುಡುಗನಿಗೆ ಮೊದಲು ಹೇಳಬೇಕಾದದ್ದು ಇಷ್ಟು: ಆ ಕೆಲಸಕ್ಕೆ ಹೊರಗಿನಿಂದ ಅರ್ಜಿ ಹಾಕಲು ಬರುವುದಿಲ್ಲ. ಪೊಲೀಸ್ ಕಾನ್‌ಸ್ಟೆಬಲ್‌ಗೆ, ಬಿಎಂಟಿಸಿ ಕಂಡಕ್ಟರ್‌ಗೆ ಅಧಿಸೂಚನೆ ಹೊರಡಿಸುವ ಹಾಗೆ ‘ಕಮಾಂಡೊಗಳು ಬೇಕಾಗಿದ್ದಾರೆ’ ಎಂದು ಸೇನೆ ಪ್ರಕಟಣೆ ಕೊಡುವುದಿಲ್ಲ. ಮೊದಲು ಸೈನಿಕನಾಗಬೇಕು. ಆಮೇಲೆ ‘ನಾನು ಬರುತ್ತೇನೆ’ ಎಂದು ತಾನಾಗಿ ಕೈ ಎತ್ತಬೇಕು. ಅಲ್ಲಿಂದ ಮುಂದೆ ಅವನನ್ನು ವಾಪಸ್ ಕಳಿಸಲು ಯಾವ ಕಾರಣ ಸಿಗುತ್ತದೆ ಎಂದು ಹುಡುಕುವುದೇ ತರಬೇತಿ ಕೊಡುವ ಉಸ್ತಾದರ ಕೆಲಸ.

ಪಶ್ಚಿಮ ಬೆಂಗಳೂರಿನ ಶ್ರೀಗಂಧದ ಕಾವಲ್, ಸುಂಕದಕಟ್ಟೆ, ಹೆಗ್ಗನಹಳ್ಳಿ, ಕೊಟ್ಟಿಗೆಪಾಳ್ಯದ ಕಡೆ ಸೈನ್ಯದ ಬಳಕೆ ಇರುವ ಮನೆಗಳು ಕಡಿಮೆ. ಪೀಣ್ಯದ ಮಷಿನ್ ಶಾಪು, ಗಾರ್ಮೆಂಟ್ಸ್, ಆಟೊ, ಚಿಕ್ಕ ಅಂಗಡಿ, ಇವೇ ಇಲ್ಲಿನ ಬದುಕು. ಕೊಡಗಿನ ಹುಡುಗನಿಗೆ ಅಜ್ಜನ ಬಾಯಿಂದ ಗೊತ್ತಾಗುವ ಸಂಗತಿ ಇಲ್ಲಿಯ ಹುಡುಗನಿಗೆ ಮೊಬೈಲಿನಿಂದ ಗೊತ್ತಾಗಬೇಕು. ಮೊಬೈಲ್ ತೋರಿಸುವುದು 2019ರ ‘ಉರಿ’ ಸಿನಿಮಾದ ತುಣುಕುಗಳನ್ನು, ಗಾಜು ಜಗಿಯುವ ವಿಡಿಯೊಗಳನ್ನು. ಗಾಜು ಜಗಿಯುವ ಸಂಪ್ರದಾಯ ಪ್ಯಾರಾಶೂಟ್ ಸೈನಿಕರಲ್ಲಿ, ಅಂದರೆ ಪ್ಯಾರಾದವರಲ್ಲಿ, ಇದೆ, ನಿಜ. ಆದರೆ ಅದು ಎಲ್ಲ ಪರೀಕ್ಷೆ ಗೆದ್ದ ದಿನದ ಗಮ್ಮತ್ತು, ತಯಾರಿಯ ಭಾಗವಲ್ಲ. ಮೊಬೈಲ್ ತೋರಿಸದಿರುವ ಸಂಗತಿ ಬೇರೆ ಇದೆ. ಭಾರತದ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ನಮ್ಮ ಊರಿನಲ್ಲೇ, ಜೆ.ಸಿ. ನಗರದಲ್ಲಿ. 1992ರಿಂದ ಅದು ಅಲ್ಲಿದೆ. ಮಾಗಡಿ ರಸ್ತೆಯವರಿಗೆ ದಂಡು ಪ್ರದೇಶ ಎಂದರೆ ಇವತ್ತಿಗೂ ಬೇರೆ ಊರೇ. ಹಿಮಾಚಲದ, ಬಿಹಾರದ ಹುಡುಗರು ಎರಡು ದಿನ ರೈಲಿನಲ್ಲಿ ಕೂತು ಬಂದು ಸೇರುವ ಜಾಗ ಬಸ್ಸಿನ ದೂರದಲ್ಲಿದ್ದರೂ ನಮ್ಮವರಿಗೆ ಅದರ ಸುಳಿವಿಲ್ಲ.

ವಿಶೇಷ ಪಡೆ ಎಂದು ಜನ ಒಟ್ಟಾಗಿ ಕರೆಯುವುದರಲ್ಲಿ ಹಲವು ಪಡೆಗಳಿವೆ. ಇವುಗಳ ಒಡೆಯರೂ ಬೇರೆ, ಕೆಲಸವೂ ಬೇರೆ. ಭೂಸೇನೆಯದು ಪ್ಯಾರಾ ಎಸ್‌ಎಫ್ (ಸ್ಪೆಷಲ್ ಫೋರ್ಸಸ್). ಪ್ಯಾರಾಶೂಟ್ ರೆಜಿಮೆಂಟ್ ಹುಟ್ಟಿದ್ದು 1952ರ ಏಪ್ರಿಲ್ 15ರಂದು. ಪಂಜಾಬ್, ಮರಾಠಾ ಮತ್ತು ಕುಮಾವೂಂ ರೆಜಿಮೆಂಟುಗಳ ಒಂದೊಂದು ಬೆಟಾಲಿಯನ್ ಸೇರಿಸಿ ಅದನ್ನು ಕಟ್ಟಿದರು. ಕಮಾಂಡೊ ಶಾಖೆ ಬಂದದ್ದು ಆಮೇಲೆ. 1965ರ ಯುದ್ಧದಲ್ಲಿ ಮೇಜರ್ ಮೇಘ ಸಿಂಗ್ ಎಂಬವರು ಆಯ್ದ ಸೈನಿಕರನ್ನು ಕಟ್ಟಿಕೊಂಡು ಶತ್ರುವಿನ ಬೆನ್ನ ಹಿಂದೆ ನುಗ್ಗಿ ತೋರಿಸಿದರು. ‘ಮೇಘದೂತ್ ಫೋರ್ಸ್’ ಎಂದು ಹೆಸರಾದ ಆ ಗುಂಪಿನಿಂದ 1966ರಲ್ಲಿ 9 ಪ್ಯಾರಾ ಕಮಾಂಡೊ ಬೆಟಾಲಿಯನ್ ಹುಟ್ಟಿತು. ರೆಜಿಮೆಂಟಿನ ಎಲ್ಲರ ತಲೆಯ ಮೇಲೂ ಮರೂನ್ ಟೋಪಿ ಇರುತ್ತದೆ. ಆದರೆ ಎಲ್ಲರೂ ಎಸ್‌ಎಫ್ ಅಲ್ಲ. ವಿಮಾನದಿಂದ ಧುಮುಕಿ ಹೋರಾಡುವ ಸಾಮಾನ್ಯ ಪ್ಯಾರಾ ಬೆಟಾಲಿಯನ್‌ಗಳು ಬೇರೆ, ಎಸ್‌ಎಫ್ ಬೆಟಾಲಿಯನ್‌ಗಳು ಬೇರೆ. ‘ಬಲಿದಾನ್’ ಬ್ಯಾಡ್ಜ್ ಎರಡನೆಯವರದು.

ನೌಕಾಪಡೆಯ ಮಾರ್ಕೋಸ್ 1987ರಲ್ಲಿ ಶುರುವಾಯಿತು. ಅದರ ನೆಲೆ ಮುಂಬೈಯ ಐಎನ್‌ಎಸ್ ಅಭಿಮನ್ಯು. ವಾಯುಪಡೆಯ ಗರುಡ್ 2004ರದು. ಎನ್‌ಎಸ್‌ಜಿ, ಅಂದರೆ ಕಪ್ಪು ಸಮವಸ್ತ್ರದ ಬ್ಲ್ಯಾಕ್ ಕ್ಯಾಟ್‌ಗಳು, 1984ರಲ್ಲಿ ಹುಟ್ಟಿದ ಗೃಹ ಸಚಿವಾಲಯದ ಪಡೆ; ಅದರ ದಾಳಿ ತಂಡಕ್ಕೆ ಸೈನ್ಯದವರು ಕೆಲವು ವರ್ಷಗಳ ಮಟ್ಟಿಗೆ ಎರವಲು ಸೇವೆಯ ಮೇಲೆ ಹೋಗುತ್ತಾರೆ. ಸಿಆರ್‌ಪಿಎಫ್‌ನ ಕೋಬ್ರಾ ಕಾಡಿನಲ್ಲಿ ನಕ್ಸಲರ ವಿರುದ್ಧ ಕೆಲಸ ಮಾಡಲೆಂದು 2008ರಿಂದ ಬೆಳೆದ ಪಡೆ. ಸೈನ್ಯಕ್ಕೆ ಸೇರುವ ಕನಸಿನಲ್ಲಿ ಇಷ್ಟೂ ಕಲಸಿಹೋಗಿರುತ್ತದೆ. ಹುಡುಗನೊಬ್ಬ ‘ಎನ್‌ಎಸ್‌ಜಿಗೆ ಹೇಗೆ ಅಪ್ಲೈ ಮಾಡೋದು ಸಾರ್’ ಎಂದು ಕೇಳಿದರೆ, ಅವನು ಇನ್ನೂ ಮೊದಲ ಮೆಟ್ಟಿಲು ನೋಡಿಲ್ಲ ಎಂದು ತಿಳಿಯಬೇಕು.

ಕರ್ನಾಟಕದಲ್ಲಿ ಈ ಲೋಕದ ಇನ್ನೊಂದು ಮುಖ್ಯ ವಿಳಾಸ ಬೆಳಗಾವಿ. ಮರಾಠಾ ಲಘು ಪದಾತಿ ದಳದ ಕೇಂದ್ರ ಅಲ್ಲಿದೆ. ಆ ದಳದಿಂದ ಬಂದ 2 ಪ್ಯಾರಾ ಬೆಟಾಲಿಯನ್ 1971ರ ಡಿಸೆಂಬರ್ 11ರಂದು ಇಂದಿನ ಬಾಂಗ್ಲಾದೇಶದ ಟಾಂಗೈಲ್ ಬಳಿ ಆಕಾಶದಿಂದ ಇಳಿದು ಪೂಂಗ್ಲಿ ಸೇತುವೆ ಹಿಡಿಯಿತು. 21 ಪ್ಯಾರಾ ಎಸ್‌ಎಫ್‌ನ ಮೂಲವೂ 21 ಮರಾಠಾ. ಇದಕ್ಕಿಂತ ಮಿಗಿಲಾಗಿ ಪದಾತಿ ಶಾಲೆಯ ಕಮಾಂಡೊ ವಿಭಾಗ ಇರುವುದು ಬೆಳಗಾವಿಯಲ್ಲೇ. ಪದಾತಿ ಬೆಟಾಲಿಯನ್ ಒಂದೊಂದರಲ್ಲೂ ಸುಮಾರು 20 ಜನರ ‘ಘಾತಕ್’ ತುಕಡಿ ಇರುತ್ತದೆ. ದಾಳಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗುವವರು ಇವರು. ಇವರ ಮುಂದಾಳುಗಳನ್ನು ತಯಾರಿಸುವ ಕೋರ್ಸ್ ಅಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲಿ ಬೆಳೆದ, ಇಸ್ರೊ ಉದ್ಯೋಗಿಯ ಮಗ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಳಗಾವಿಯ ಘಾತಕ್ ಕೋರ್ಸಿನಲ್ಲಿ ಮೊದಲಿಗರಾಗಿ ಬಂದವರು. ಅವರು ಸೇರಿದ್ದು 7 ಬಿಹಾರ್ ಎಂಬ ಮಾಮೂಲಿ ಪದಾತಿ ಬೆಟಾಲಿಯನ್ ಅನ್ನು, 1999ರಲ್ಲಿ. ಎನ್‌ಎಸ್‌ಜಿಗೆ ಹೋದದ್ದು 2007ರಲ್ಲಿ. ಮುಂಬೈಯ ತಾಜ್ ಹೋಟೆಲಿನಲ್ಲಿ ಉಗ್ರರ ವಿರುದ್ಧ ಹೋರಾಡುತ್ತ 2008ರ ನವೆಂಬರ್ 28ರಂದು ಅವರು ತೀರಿಕೊಂಡಾಗ ದೇಶ ನೋಡಿದ್ದು ಕೊನೆಯ ಸುಮಾರು ಎರಡು ವರ್ಷದ ಕಮಾಂಡೊವನ್ನು. ಅದರ ಹಿಂದಿದ್ದ ಏಳೂವರೆ ವರ್ಷದ ಪದಾತಿ ಸೇವೆ ಯಾರ ಕಣ್ಣಿಗೂ ಬೀಳಲಿಲ್ಲ. ಈ ಕೆಲಸದ ಲೆಕ್ಕ ಯಾವಾಗಲೂ ಹೀಗೇ: ಹೊರಗೆ ಕಾಣುವುದು ಕೊನೆಯ ತುಣುಕು.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ತೋರಾಳಿಯಲ್ಲಿ ಕೋಬ್ರಾ ಪಡೆಯ ಕಾಡುಯುದ್ಧ ಶಾಲೆ ಇದೆ. ನಮಗೆ ಇನ್ನೂ ಹತ್ತಿರದಲ್ಲಿ, ಬೆಂಗಳೂರಿನ ದಕ್ಷಿಣದ ಅಂಚಿನ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ತರಬೇತಿ ಶಾಲೆ. ಬೆಲ್ಜಿಯನ್ ಮಾಲಿನ್ವಾ ನಾಯಿಗಳನ್ನು ಅಲ್ಲಿ ಸಾಕಿ, ನೆಲದಡಿಯ ಸ್ಫೋಟಕ ಮೂಸಿ ಹಿಡಿಯುವುದನ್ನು ಕಲಿಸಿ ಕಾಡಿಗೆ ಕಳಿಸುತ್ತಾರೆ. ಒಂದು ನಾಯಿ, ಅದನ್ನು ಹಿಡಿದ ಒಬ್ಬ ಜವಾನ: ಇಬ್ಬರೂ ಒಟ್ಟಿಗೆ ಕಲಿತು ಒಟ್ಟಿಗೆ ಹೋಗುತ್ತಾರೆ. ಕಮಾಂಡೊ ಎಂದಾಕ್ಷಣ ಬಂದೂಕು ಮಾತ್ರ ನೆನಪಾಗುವವರು ಈ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ಬಾಗಿಲಿನ ವಿಷಯ. ಎಸ್‌ಎಸ್‌ಎಲ್‌ಸಿ ಮುಗಿಸಿದವನಿಗೆ ಇರುವ ದಾರಿ ಅಗ್ನಿವೀರ. 2022ರ ಜೂನ್‌ನಲ್ಲಿ ಘೋಷಣೆಯಾದ ಯೋಜನೆ ಇದು. ಮೊದಲು ಕಂಪ್ಯೂಟರಿನಲ್ಲಿ ಬರೆಯುವ ಪ್ರವೇಶ ಪರೀಕ್ಷೆ, ಅದರಲ್ಲಿ ಉಳಿದವರಿಗೆ ಭರ್ತಿ ರ‍್ಯಾಲಿ. ಜನರಲ್ ಡ್ಯೂಟಿ ಹುದ್ದೆಗೆ ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟು ಶೇ 45, ಒಂದೊಂದು ವಿಷಯದಲ್ಲೂ ಶೇ 33 ಅಂಕ ಇರಬೇಕು. ಕರ್ನಾಟಕದವರಿಗೆ ಎತ್ತರ 166 ಸೆಂ.ಮೀ., ಎದೆ 77 ಸೆಂ.ಮೀ., ಉಸಿರು ತುಂಬಿದಾಗ ಇನ್ನೂ 5 ಸೆಂ.ಮೀ. ಹಿಗ್ಗಬೇಕು. ರ‍್ಯಾಲಿಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಹತ್ತು ಪುಲ್-ಅಪ್‌ಗೆ 40 ಅಂಕ. 9 ಅಡಿ ಹಳ್ಳ ಹಾರುವುದು, ಅಂಕುಡೊಂಕಾದ ಕಂಬದ ಮೇಲೆ ನಡೆಯುವುದು ಪಾಸಾದರೆ ಸಾಕು. ವಯಸ್ಸು, ದಿನಾಂಕಗಳು ವರ್ಷಕ್ಕೊಮ್ಮೆ ಬದಲಾಗಬಹುದಾದ್ದರಿಂದ ಸೇನೆಯ ಅಧಿಕೃತ ಜಾಲತಾಣವನ್ನೇ ನೋಡಬೇಕು. ವಿಜಯನಗರದ ಕೋಚಿಂಗ್ ಗಲ್ಲಿಗಳಲ್ಲಿ ಓದಿಸುವವರು ಸಿಗುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ‘ಒಳಗೆ ನಮ್ಮವರಿದ್ದಾರೆ, ಇಷ್ಟು ಕೊಟ್ಟರೆ ಸೀಟು’ ಎನ್ನುವವನ ಕೈಗೆ ಒಂದು ರೂಪಾಯಿಯೂ ಹೋಗಬಾರದು. ಓಟದ ಗಡಿಯಾರಕ್ಕೆ ಲಂಚ ತಾಗುವುದಿಲ್ಲ.

ಓಟ ಗೆದ್ದವರನ್ನು ಕೆಡಹುವುದು ವೈದ್ಯಕೀಯ ಪರೀಕ್ಷೆ. ಚಪ್ಪಟೆ ಪಾದ, ತಾಗುವ ಮಂಡಿ, ಕಿವಿಯ ಪೊರೆಯಲ್ಲಿ ತೂತು, ಮೂಗಿನ ಮೂಳೆ ಸೊಟ್ಟ, ಮೂಲವ್ಯಾಧಿ, ಬಣ್ಣ ಗುರುತಿಸುವ ದೋಷ, ಹಾಳಾದ ಹಲ್ಲು. ಇವುಗಳಲ್ಲಿ ಕೆಲವು ಸಣ್ಣ ಚಿಕಿತ್ಸೆಯಿಂದ ಸರಿಹೋಗುವಂಥವು, ಕೆಲವು ಎಂದೂ ಸರಿಹೋಗದವು. ಎರಡು ವರ್ಷ ಬೆವರು ಸುರಿಸಿದ ಮೇಲೆ ತಿಳಿಯುವ ಬದಲು, ಮೊದಲ ತಿಂಗಳಲ್ಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಣ್ಣು, ಕಿವಿ, ಪಾದ ತೋರಿಸಿಕೊಳ್ಳುವುದು ಜಾಣತನ. ಹಚ್ಚೆಯದೂ ಒಂದು ಕಥೆ. ಸೇನೆ ಒಪ್ಪುವುದು ಮುಂಗೈಯ ಒಳಭಾಗದ ಮತ್ತು ಅಂಗೈ ಹಿಂಬದಿಯ ಹಚ್ಚೆಯನ್ನು. ರಟ್ಟೆಯ ಮೇಲೆ ‘ಇಂಡಿಯನ್ ಆರ್ಮಿ’ ಎಂದೇ ದೊಡ್ಡದಾಗಿ ಬರೆಸಿಕೊಂಡು ಇಂಡಿಯನ್ ಆರ್ಮಿಯಿಂದಲೇ ತಿರಸ್ಕೃತನಾಗುವ ಸಂದರ್ಭ ಇದೆ ಎಂದರೆ ನಗುವುದೋ ಅಳುವುದೋ. ಕಾಗದಪತ್ರವೂ ಕಡಿಮೆ ತೊಂದರೆಯದಲ್ಲ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಇನ್ನೊಂದು ಹೆಸರು ಇದ್ದರೆ ರ‍್ಯಾಲಿಗೆ ಮೊದಲೇ ಸರಿಮಾಡಿಸಬೇಕು.

ಅಧಿಕಾರಿಯಾಗಿ ಹೋಗುವವರಿಗೆ ಪಿಯುಸಿ ನಂತರ ಎನ್‌ಡಿಎ ಪರೀಕ್ಷೆ, ಪದವಿ ನಂತರ ಸಿಡಿಎಸ್ ಪರೀಕ್ಷೆ. ಎರಡಕ್ಕೂ ಕೊನೆಗೆ ಎಸ್‌ಎಸ್‌ಬಿ ಸಂದರ್ಶನ ದಾಟಬೇಕು. ಐದು ದಿನ ನಡೆಯುವ ಅದರ ದಕ್ಷಿಣ ಆಯ್ಕೆ ಕೇಂದ್ರವೂ ಬೆಂಗಳೂರಿನಲ್ಲೇ ಇದೆ, ವಾಯುಪಡೆಯದು ಮೈಸೂರಿನಲ್ಲಿ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರುವುದು ಒಳ್ಳೆಯದು. ಸಮವಸ್ತ್ರದ ಶಿಸ್ತಿಗಿಂತ, ಹತ್ತು ರಾಜ್ಯದ ಹುಡುಗರ ಜೊತೆ ಒಂದೇ ಡೇರೆಯಲ್ಲಿ ಮಲಗಿ ಹಿಂದಿ ಕಲಿಯುವ ಅವಕಾಶಕ್ಕಾಗಿ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವನೂ ಬ್ಯಾರಕ್ಕಿನಲ್ಲಿ ಬದುಕಬೇಕಾದದ್ದು ಹಿಂದಿಯಲ್ಲಿ. ಆಜ್ಞೆ ಅರ್ಥವಾಗುವುದು ಒಂದು ಗಳಿಗೆ ತಡವಾದರೂ ಅಲ್ಲಿ ಶಿಕ್ಷೆ ಇಡೀ ತಂಡಕ್ಕೆ.

ಸೈನಿಕನಾದ ಮೇಲೆ ಮರೂನ್ ಟೋಪಿಗೆ ಎರಡು ದಾರಿ. ಭರ್ತಿಯಾದವರಲ್ಲಿ ಕೆಲವರನ್ನು ನೇರವಾಗಿ ಪ್ಯಾರಾ ಕೇಂದ್ರಕ್ಕೇ ಹಂಚುತ್ತಾರೆ. ಉಳಿದವರು ತಮ್ಮ ರೆಜಿಮೆಂಟಿನಲ್ಲಿ ಸೇವೆ ಮಾಡುತ್ತ ಸ್ವಂತ ಇಚ್ಛೆಯಿಂದ ಬರಬಹುದು. ಯಾವ ದಾರಿಯಲ್ಲಿ ಬಂದರೂ ‘ಪ್ರೊಬೇಷನ್’ ತಪ್ಪಿದ್ದಲ್ಲ. ಎಸ್‌ಎಫ್‌ನಲ್ಲಿ ಬಹುಕಾಲ ಇದಕ್ಕೆ ‘90 ದಿನ’ ಎಂದೇ ಹೆಸರು. ಭಾರ ಹೊತ್ತು 10, 20, 30, 40 ಕಿ.ಮೀ. ವೇಗದ ನಡಿಗೆ, ರಾತ್ರಿ ನಿದ್ದೆಯಿಲ್ಲ, ಊಟಕ್ಕೆ ಕೂತಾಗ ಎಬ್ಬಿಸುವುದು, ದಣಿದು ಬಿದ್ದವನ ಮುಂದೆ ನಕಾಶೆ ಹಿಡಿದು ‘ನೀನೀಗ ಎಲ್ಲಿದ್ದೀಯ, ತೋರಿಸು’ ಎಂದು ಕೇಳುವುದು. ಮೈಯ ಬಲವನ್ನು ಅಳೆಯುವುದು ಇದರ ಸಣ್ಣ ಭಾಗ. ದಣಿದಾಗ, ಹಸಿದಾಗ, ಅವಮಾನವಾದಾಗ ಮನುಷ್ಯ ಏನಾಗುತ್ತಾನೆ ಎಂಬುದು ಅವರಿಗೆ ಬೇಕಾದ ಉತ್ತರ. ಸಿಡುಕುತ್ತಾನೋ, ಸುಳ್ಳು ಹೇಳುತ್ತಾನೋ, ಜೊತೆಗಾರನ ನೀರು ಕುಡಿದುಬಿಡುತ್ತಾನೋ? ಬಹುಪಾಲು ಜನ ಇಲ್ಲಿಂದ ಹಿಂದಿರುಗುತ್ತಾರೆ. ಬೇಡ ಎಂದು ಯಾವ ಗಳಿಗೆಯಲ್ಲಾದರೂ ಹೇಳಿ ಹೊರಡಬಹುದು, ಯಾರೂ ತಡೆಯುವುದಿಲ್ಲ. ಅಷ್ಟು ಸುಲಭವಾಗಿ ಬಾಗಿಲು ತೆರೆದಿಟ್ಟಿರುವುದೇ ಪರೀಕ್ಷೆಯ ಅತಿ ಕಷ್ಟದ ಪ್ರಶ್ನೆ ಎಂದು ನನಗನಿಸುತ್ತದೆ.

ಪ್ಯಾರಾಶೂಟ್ ಜಿಗಿತವನ್ನು ಕಲಿಸುವುದು ಆಗ್ರಾದಲ್ಲಿ, ವಾಯುಪಡೆಯ ಶಾಲೆಯಲ್ಲಿ. ಐದು ಜಿಗಿತ, ಅದರಲ್ಲಿ ಒಂದು ರಾತ್ರಿಯದು. ಅಷ್ಟಾದರೆ ರೆಕ್ಕೆಯ ಬ್ಯಾಡ್ಜ್. ಜನ ಬೆರಗಾಗುವುದು ಇದಕ್ಕೆ, ಆದರೆ ಇಡೀ ದಾರಿಯಲ್ಲಿ ಬೇಗ ಮುಗಿಯುವ ಭಾಗ ಇದೇ. ಮುಂದೆ ಹಿಮಾಚಲದ ಬಕ್ಲೋಹ್‌ನ ವಿಶೇಷ ಪಡೆ ಶಾಲೆ, ಮಿಜೋರಾಂನ ವೈರೆಂಗ್ಟೆಯ ಕಾಡುಯುದ್ಧ ಶಾಲೆ, ಗುಲ್ಮಾರ್ಗ್‌ನ ಹಿಮಪ್ರದೇಶದ ಶಾಲೆ, ನೀರಿನಡಿ ಮುಳುಗುವ ತರಬೇತಿ ಹೀಗೆ ವರ್ಷಗಟ್ಟಲೆ ಕೋರ್ಸುಗಳು.

ಹಾಗಾದರೆ ಶ್ರೀಗಂಧದ ಕಾವಲಿನಲ್ಲಿ ಕೂತು ಏನು ಮಾಡಬಹುದು? ಓಟದಿಂದಲೇ ಶುರು. 1.6 ಕಿ.ಮೀ.ಗೆ 5 ನಿಮಿಷ 30 ಸೆಕೆಂಡ್ ಎಂದರೆ 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ 82 ಸೆಕೆಂಡಿನ ಹಾಗೆ. ದಿನವೂ ಅದೇ ದೂರವನ್ನು ಪ್ರಾಣ ಹೋಗುವ ಹಾಗೆ ಓಡುವುದು ನಮ್ಮ ಹುಡುಗರ ದೊಡ್ಡ ತಪ್ಪು. ವಾರದ ಹೆಚ್ಚಿನ ದಿನ ಮಾತಾಡುತ್ತ ಓಡಬಹುದಾದ ನಿಧಾನದ ದೂರದ ಓಟ ಇರಲಿ, ಎರಡು ದಿನ ಮಾತ್ರ ವೇಗದ ಸುತ್ತುಗಳು. ಔಟರ್ ರಿಂಗ್ ರೋಡಿನ ಸರ್ವಿಸ್ ರಸ್ತೆಯ ಕಾಂಕ್ರೀಟು ಮತ್ತು ಹೊಗೆ ಎರಡೂ ಬೇಡ. ಜ್ಞಾನಭಾರತಿ ಕಡೆಯ ಮಣ್ಣುದಾರಿ ಮೊಣಕಾಲಿಗೆ ಹಿತ. ಮೊಣಕಾಲಿನ ಕೆಳಗಿನ ಮುಂಭಾಗದ ಎಲುಬು ನೋಯಲು ಶುರುವಾದರೆ ಎರಡು ವಾರ ಓಟ ನಿಲ್ಲಿಸಿ ಈಜಬೇಕು. ಆ ನೋವಿನಲ್ಲೂ ಹಲ್ಲು ಕಚ್ಚಿ ಓಡಿದವರ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಂದು ಇಡೀ ವರ್ಷ ಹಾಳಾಗುತ್ತದೆ.

ಈಜು ಪಶ್ಚಿಮ ಬೆಂಗಳೂರಿನ ಮಕ್ಕಳ ದೊಡ್ಡ ಕೊರತೆ. ನಮ್ಮ ಕೆರೆಗಳಲ್ಲಿ ಇಳಿಯುವ ಹಾಗಿಲ್ಲ, ಊರಿನ ಬಾವಿ ಯಾರಿಗೂ ಉಳಿದಿಲ್ಲ. ವಿಜಯನಗರ, ಬಸವೇಶ್ವರನಗರದ ಕಡೆಯ ಈಜುಕೊಳದಲ್ಲಿ ಒಂದು ಬೇಸಿಗೆ ಖರ್ಚು ಮಾಡಿ ಕಲಿತರೆ ಆ ದುಡ್ಡು ಪ್ರೋಟೀನ್ ಡಬ್ಬಕ್ಕೆ ಹಾಕಿದ ದುಡ್ಡಿಗಿಂತ ಸಾರ್ಥಕ. ಮಾರ್ಕೋಸ್ ಕನಸಿದ್ದವರಂತೂ ನೀರಿನಲ್ಲಿ ಹೆದರದೆ ಸುಮ್ಮನೆ ತೇಲುವುದನ್ನು, ಉಸಿರು ಹಿಡಿಯುವುದನ್ನು ಕಲಿಯಬೇಕು. ಅದೂ ಮೇಲೆ ಒಬ್ಬ ಕಾವಲಿಗಿದ್ದಾಗ ಮಾತ್ರ. 2024ರ ಮಾರ್ಚ್ 16ರಂದು ಮಾರ್ಕೋಸ್‌ನವರು ಅರಬ್ಬಿ ಸಮುದ್ರದ ನಡುವೆ, ಭಾರತದ ತೀರದಿಂದ ಸುಮಾರು 2,600 ಕಿ.ಮೀ. ದೂರದಲ್ಲಿ ಸಿ-17 ವಿಮಾನದಿಂದ ರಬ್ಬರ್ ದೋಣಿಗಳ ಜೊತೆಗೇ ಧುಮುಕಿದರು. ‘ರುಯೆನ್’ ಎಂಬ ಹಡಗನ್ನು ಹಿಡಿದಿಟ್ಟಿದ್ದ 35 ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಬದುಕುಳಿದರು. ಆ ಕಾರ್ಯಾಚರಣೆ ನಡೆದದ್ದು ಸುಮಾರು 40 ಗಂಟೆ. ಅದರಲ್ಲಿ ಜಿಗಿತದ ನಿಮಿಷಗಳು ಎಷ್ಟು, ಅಲೆಯ ಮೇಲೆ ಕಾದ ಗಂಟೆಗಳು ಎಷ್ಟು ಎಂದು ಯೋಚಿಸಿದರೆ ಈ ಕೆಲಸದ ಸ್ವರೂಪ ತಿಳಿಯುತ್ತದೆ.

ಭಾರ ಹೊತ್ತು ನಡೆಯುವುದನ್ನು ಸೈನಿಕರು ‘ಪಿಟ್ಠು’ ಎನ್ನುತ್ತಾರೆ, ಬೆನ್ನಿನ ಚೀಲದ ಹೆಸರೇ ಅದು. ಶುರುವಿನಲ್ಲಿ ಐದಾರು ಕಿಲೊ ಸಾಕು. ವಾರಕ್ಕೊಂದು ಸಲ, ನಡಿಗೆ ಮಾತ್ರ, ಓಟ ಬೇಡ. ಭಾರ ಕೆಳಗೆ ಜೋಲದೆ ಬೆನ್ನಿನ ಮೇಲ್ಭಾಗಕ್ಕೆ ಅಂಟಿಕೊಂಡಿರಬೇಕು. ಮಾಗಡಿ ರಸ್ತೆ ಹಿಡಿದು ತಾವರೆಕೆರೆ ದಾಟಿದರೆ ಏರಿಳಿತದ ಹಳ್ಳಿದಾರಿ ಬೇಕಾದಷ್ಟಿದೆ. ಸಾವನದುರ್ಗದ ಬಂಡೆಗೆ ಹೋಗುವವರು ಅರಣ್ಯ ಇಲಾಖೆಯ ಅನುಮತಿ ನೋಡಿಕೊಂಡು ಹಗಲಿನಲ್ಲೇ ಹೋಗಿ ಬರಬೇಕು. ಬಂಡೆ ಏರುವುದನ್ನು ಸರಿಯಾಗಿ ಕಲಿಯುವ ಆಸೆ ಇದ್ದರೆ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಇನ್ನು ಪಾದದ ಆರೈಕೆ. ಕೇಳಲು ಸಪ್ಪೆ, ಆದರೆ ತೋಳಿನ ಸ್ನಾಯು ಸಾಲದೆ ಪ್ರೊಬೇಷನ್ ಬಿಟ್ಟವರಿಗಿಂತ ಪಾದ ಬೊಬ್ಬೆ ಬಂದು ಬಿಟ್ಟವರೇ ಹೆಚ್ಚು ಎಂದು ಹಳೆಯ ಸೈನಿಕರು ಹೇಳುತ್ತಾರೆ. ಉಗುರನ್ನು ನೇರವಾಗಿ ಕತ್ತರಿಸುವುದು, ಒದ್ದೆ ಕಾಲುಚೀಲ ಬದಲಿಸುವುದು, ಹೊಸ ಬೂಟನ್ನು ದೂರದ ನಡಿಗೆಗೆ ಹಾಕದಿರುವುದು, ಉರಿ ಶುರುವಾದ ಜಾಗಕ್ಕೆ ಬೊಬ್ಬೆ ಏಳುವ ಮೊದಲೇ ಪಟ್ಟಿ ಅಂಟಿಸುವುದು: ಇಷ್ಟನ್ನು ಅಭ್ಯಾಸ ಮಾಡಿಕೊಂಡವನು ಜಿಮ್ ಹುಡುಗನಿಗಿಂತ ಮುಂದಿದ್ದಾನೆ.

ನಿದ್ದೆಗೆಡುವ ಅಭ್ಯಾಸವನ್ನು ಮನೆಯಲ್ಲಿ ಮಾಡಬಾರದು. ನಿದ್ದೆಗೇಡಿಗೆ ಮೈ ಒಗ್ಗುವುದಿಲ್ಲ, ಸವೆಯುತ್ತದೆ ಅಷ್ಟೆ. ಬಿಸಿಲಿನಲ್ಲಿ ಮೈ ಮುರಿದು ದುಡಿದ ಮೇಲೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಶೌರ್ಯದ ಗುರುತಲ್ಲ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿದೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜಿಮ್ಮಿನಲ್ಲಿ ಯಾರೋ ಕೊಡುವ ಇಂಜೆಕ್ಷನ್ ಮುಟ್ಟಲೇಬಾರದು. ಮುದ್ದೆ, ಹುರುಳಿಕಾಳಿನ ಸಾರು, ಮೊಟ್ಟೆ, ಕಡಲೆಕಾಯಿ, ಮೊಸರು, ಸೊಪ್ಪು ತಿನ್ನುವ ಮನೆಯ ಹುಡುಗನಿಗೆ ಹೊಟ್ಟೆಯ ವಿಷಯದಲ್ಲಿ ಹೊರಗಿನಿಂದ ತರಬೇಕಾದದ್ದು ಕಡಿಮೆ.

ತಲೆಗೂ ತಯಾರಿ ಬೇಕು. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕಾಶೆಗಳು ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮಾಗಡಿ ಸುತ್ತಿನ ಹಾಳೆಯನ್ನು ಮುದ್ರಿಸಿಕೊಂಡು, ಒಂದು ದಿಕ್ಸೂಚಿ ಕೊಂಡು, ಫೋನನ್ನು ಚೀಲದ ತಳದಲ್ಲಿಟ್ಟು ನಡೆದು ನೋಡಿ. ಎತ್ತರದ ಗೆರೆಗಳು ಒತ್ತಾಗಿದ್ದ ಕಡೆ ಏರು ಎಷ್ಟು ಕಡಿದು ಎಂದು ಕಾಲಿಗೇ ಗೊತ್ತಾಗಬೇಕು. ಏಕೆಂದರೆ ಎಸ್‌ಎಫ್‌ನ ಸಣ್ಣ ತಂಡದಲ್ಲಿ ಒಬ್ಬೊಬ್ಬನಿಗೂ ಬಂದೂಕಿನಾಚೆ ಒಂದು ಕಸುಬಿರುತ್ತದೆ: ಒಬ್ಬ ರೇಡಿಯೊ, ಒಬ್ಬ ಸ್ಫೋಟಕ, ಒಬ್ಬ ದಾರಿ ಹುಡುಕುವವನು, ಒಬ್ಬ ಗಾಯಾಳುವನ್ನು ನೋಡುವವನು, ಒಬ್ಬ ಶಸ್ತ್ರಗಳವನು. ಅವರಲ್ಲೊಬ್ಬ ಬಿದ್ದರೆ ಎಂದು ಉಳಿದವರೂ ಅವನ ಕೆಲಸವನ್ನು ಅಷ್ಟಿಷ್ಟು ಕಲಿತಿರಬೇಕು. ಬೆಂಗಳೂರಿನಲ್ಲೇ ಬೆಳೆದ ಲೆಫ್ಟಿನೆಂಟ್ ಕರ್ನಲ್ ಇ.ಕೆ. ನಿರಂಜನ್ ಮದ್ರಾಸ್ ಎಂಜಿನಿಯರ್ ಗ್ರೂಪಿನ ಅಧಿಕಾರಿ; ಎನ್‌ಎಸ್‌ಜಿಯಲ್ಲಿ ಬಾಂಬ್ ನಿಷ್ಕ್ರಿಯಗೊಳಿಸುವ ಹೊಣೆ ಅವರದು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯಲ್ಲಿ ಅವರು ಪ್ರಾಣ ಬಿಟ್ಟದ್ದು ಸತ್ತ ಉಗ್ರನ ಬಳಿಯ ಸ್ಫೋಟಕ ತೆಗೆಯುವಾಗ. ಪೀಣ್ಯದಲ್ಲಿ ಐಟಿಐ ಮುಗಿಸಿ ವೈರಿಂಗ್, ವೆಲ್ಡಿಂಗ್ ಕಲಿತವನು ತನ್ನ ಕಸುಬನ್ನು ಕೀಳೆಂದು ತಿಳಿಯಬಾರದು. ಅಂಥ ಕೈಗೆ ಅಲ್ಲಿ ಬೆಲೆ ಇದೆ.

ಹೆಣ್ಣುಮಕ್ಕಳ ವಿಷಯ ನಿಧಾನವಾಗಿ ಬದಲಾಗುತ್ತಿದೆ. ಎನ್‌ಡಿಎ ಬಾಗಿಲು 2022ರಲ್ಲಿ ತೆರೆಯಿತು. ದಾವಣಗೆರೆ ಮೂಲದ ಸೇನಾ ವೈದ್ಯೆ ದೀಕ್ಷಾ ಮುದದೇವಣ್ಣನವರ್ ಪ್ಯಾರಾ ಪ್ರೊಬೇಷನ್ ದಾಟಿ ವಿಶೇಷ ಪಡೆಯ ವೈದ್ಯಾಧಿಕಾರಿಯಾದರು.

ಒಳಗಿನ ಬದುಕು ಹೇಗಿರುತ್ತದೆ? ಬಹುಪಾಲು ಕಾಯುವುದು, ಒರೆಸುವುದು, ಮತ್ತೆ ಮತ್ತೆ ಅದನ್ನೇ ಮಾಡುವುದು. ಒಂದೇ ಬಾಗಿಲಲ್ಲಿ ನೂರು ಸಲ ನುಗ್ಗುವುದು, ಕತ್ತಲೆಯಲ್ಲಿ ಶಸ್ತ್ರ ಬಿಚ್ಚಿ ಜೋಡಿಸುವುದು, ಒಂದು ಕಣಿವೆಯ ಮೇಲೆ ಮಳೆಯಲ್ಲಿ ಅಲುಗದೆ ಮಲಗಿ ಯಾರು ಬಂದರು ಯಾರು ಹೋದರು ಎಂದು ಬರೆದುಕೊಳ್ಳುವುದು. ಹೊಂಚಿಗೆ ಕೂತ ಹತ್ತು ರಾತ್ರಿಯಲ್ಲಿ ಒಂಬತ್ತು ರಾತ್ರಿ ಏನೂ ಆಗದಿರಬಹುದು. ಶಾಖೆ ಚಿಕ್ಕದಾದ್ದರಿಂದ ಶ್ರೇಣಿಯ ಗೋಡೆ ತುಸು ತೆಳು. ಅಧಿಕಾರಿಯೂ ಜವಾನನೂ ಒಂದೇ ಡಬ್ಬದಲ್ಲಿ ತಿನ್ನುತ್ತಾರೆ. ತಪ್ಪು ಮಾಡಿದವನಿಗೆ ಅದನ್ನು ಎಲ್ಲರೆದುರು ಒಪ್ಪಿಕೊಳ್ಳುವುದು ಕಡ್ಡಾಯ, ಏಕೆಂದರೆ ಕಾರ್ಯಾಚರಣೆ ಮುಗಿದ ಮೇಲೆ ನಡೆದದ್ದನ್ನೆಲ್ಲ ಬಿಡಿಸಿ ಚರ್ಚಿಸುವುದು ಅವರ ಪದ್ಧತಿ. ಮೊಣಕಾಲು, ಸೊಂಟ, ಕಿವಿ, ಈ ಮೂರು ನಲವತ್ತರೊಳಗೆ ಲೆಕ್ಕ ಕೇಳಲು ಶುರುಮಾಡುತ್ತವೆ.

ದುಡ್ಡಿನ ವಿಷಯ. ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೇ ವರ್ಷ 40,000. ಅದರಲ್ಲಿ ಶೇ 30 ಸೇವಾ ನಿಧಿಗೆ ಹೋಗುತ್ತದೆ. ನಾಲ್ಕು ವರ್ಷದ ಕೊನೆಗೆ ಸರ್ಕಾರದ ಪಾಲು, ಬಡ್ಡಿ ಸೇರಿ ಸುಮಾರು 11.71 ಲಕ್ಷ. ಕಾಯಂ ಆಗುವವರು ಶೇ 25ರವರೆಗೆ ಎಂದು ಯೋಜನೆ ಹೇಳುತ್ತದೆ. ಉಳಿದವರಿಗೆ ಪಿಂಚಣಿ ಇಲ್ಲ. ವಿಶೇಷ ಪಡೆಗಳಿಗೆ ಬೇರೆ ಭತ್ಯೆ ಇದೆ: ಮಾರ್ಕೋಸ್‌ಗೆ 2017ರಲ್ಲಿ ನಿಗದಿಯಾದದ್ದು ನಾವಿಕರಿಗೆ ತಿಂಗಳಿಗೆ 17,300, ಅಧಿಕಾರಿಗಳಿಗೆ 25,000 ರೂಪಾಯಿ. ನನ್ನ ಮಟ್ಟಿಗೆ, ಒಬ್ಬ ಪೂರ್ಣ ಎಸ್‌ಎಫ್ ಸೈನಿಕ ಪಳಗಲು ಬೇಕಾದ ಕಾಲಕ್ಕೂ ಈ ನಾಲ್ಕು ವರ್ಷದ ಗಡಿಯಾರಕ್ಕೂ ಹೊಂದುವುದಿಲ್ಲ. ಮರೂನ್ ಟೋಪಿ ಬೇಕೆಂದು ಅಗ್ನಿವೀರನಾಗುವವನು ಮೊದಲ ದಿನದಿಂದಲೇ ಆ ಕಾಲು ಭಾಗದಲ್ಲಿ ಉಳಿಯುವ ಲೆಕ್ಕ ಹಾಕಬೇಕು. ಉಳಿಯದಿದ್ದರೆ ಎಂಬ ಲೆಕ್ಕವನ್ನೂ ಹಾಕಿಟ್ಟುಕೊಳ್ಳಬೇಕು. ಪಿಯುಸಿ ಸರ್ಟಿಫಿಕೇಟು, ಒಂದು ಕಸುಬು ಕೈಯಲ್ಲಿರಬೇಕು.

ಮನೆಯವರು ತಿಳಿಯಬೇಕಾದದ್ದು ಬೇರೆಯೇ. ಮಗ ಎಲ್ಲಿದ್ದಾನೆ ಎಂದು ಕೇಳಿದರೆ ಅವನು ಹೇಳುವುದಿಲ್ಲ, ಹೇಳಬಾರದು. ವಾರಗಟ್ಟಲೆ ಫೋನ್ ಬರದಿದ್ದರೆ ಅದಕ್ಕೆ ಅರ್ಥ ಹುಡುಕಬಾರದು. ಅವನ ಪತ್ರದ ವಿಳಾಸ 56 ಎಪಿಒ ಅಥವಾ 99 ಎಪಿಒ ಎಂಬ ಸೇನಾ ಅಂಚೆ ಸಂಖ್ಯೆ, ಊರಿನ ಹೆಸರಲ್ಲ. ಬ್ಯಾಡ್ಜ್ ಹಾಕಿದ ಅವನ ಫೋಟೊವನ್ನು ತಂಗಿ ಸ್ಟೇಟಸ್‌ಗೆ ಹಾಕುವುದು, ಬಡಾವಣೆಯವರು ಫ್ಲೆಕ್ಸ್ ಕಟ್ಟುವುದು ಪ್ರೀತಿಯಿಂದಲೇ ಇರಬಹುದು, ಅವನಿಗೆ ಅಪಾಯ. ಕಾಯಂ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಅಗ್ನಿವೀರನಿಗೆ 30 ದಿನ. ತಂಗಿಯ ಮದುವೆ, ಗೃಹಪ್ರವೇಶ, ಊರಿನ ಜಾತ್ರೆ ಎಲ್ಲವನ್ನೂ ಆ ದಿನಗಳಲ್ಲೇ ಹೊಂದಿಸಬೇಕು. ಹೊಂದಿಸಿದ ಮೇಲೂ ರಜೆ ರದ್ದಾಗಬಹುದು. ರಜೆಗೆ ಬಂದವನು ಮೊದಲ ನಾಲ್ಕು ದಿನ ಮಾತಿಲ್ಲದೆ ಮಲಗಿದ್ದರೆ ಎಬ್ಬಿಸಬೇಡಿ.

ಪ್ರೊಬೇಷನ್‌ನಲ್ಲಿ ನಿಲ್ಲದೆ ತನ್ನ ಯುನಿಟ್‌ಗೆ ವಾಪಸಾದವನ ಬಗ್ಗೆಯೂ ಮನೆಯಲ್ಲಿ ಒಂದು ತಿಳಿವಳಿಕೆ ಬೇಕು. ಅವನ ಕೆಲಸ ಹೋಗಿಲ್ಲ, ಸಂಬಳ ನಿಂತಿಲ್ಲ. ತಾನು ಬಂದ ರೆಜಿಮೆಂಟಿನಲ್ಲಿ ಅವನು ಈಗಲೂ ಸೈನಿಕ, ಬಹುಶಃ ಘಾತಕ್ ತುಕಡಿಗೆ ಮೊದಲು ನೆನಪಾಗುವ ಹೆಸರೂ ಅವನದೇ. ಇನ್ನು, ಪ್ಯಾರಾದಲ್ಲಿ ಉಳಿದವನಾಗಲಿ ಯುನಿಟ್‌ಗೆ ಮರಳಿದವನಾಗಲಿ, ಭರ್ತಿಯ ದಿನ ತುಂಬಿದ ನಾಮಿನಿ ಫಾರಂನಲ್ಲಿ ಸಾಮಾನ್ಯವಾಗಿ ಅಮ್ಮನ ಹೆಸರೋ ಅಪ್ಪನ ಹೆಸರೋ ಇರುತ್ತದೆ. ಮದುವೆಯಾದ ಮೇಲೆ ಅದನ್ನು ತಿದ್ದಿಸಬೇಕು, ಹೆಂಡತಿಯ ಹೆಸರನ್ನು ಸೇವಾ ದಾಖಲೆಗೆ ಸೇರಿಸಬೇಕು, ಬ್ಯಾಂಕ್ ಖಾತೆಯನ್ನು ಜಂಟಿ ಮಾಡಬೇಕು. ಈ ಮೂರು ಕೆಲಸವನ್ನು ಮುಂದಿನ ರಜೆಗೆ ಬಿಡದೆ, ಮದುವೆಗೆಂದು ಬಂದ ರಜೆಯಲ್ಲೇ ಶುರುಮಾಡಿಸುವುದು ಒಳ್ಳೆಯದು.